ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ದಾರಿ: ಎಂಎ ಪ್ರವೇಶದಿಂದ ನೇಮಕಾತಿ ಆದೇಶದವರೆಗೆ

ಬಿಎ ಮುಗಿಸಿ ಎಂಎಗೆ ಅರ್ಜಿ ಹಾಕುವ ಹೊತ್ತಿಗೆ ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇನ್ನೂ ಎಷ್ಟು ವರ್ಷ ಓದ್ತೀಯಾ?" ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಹೊರಟವರಿಗೆ ಇದಕ್ಕೆ ಒಂದು ಅಂಕಿ ಹೇಳಿ ಪಾರಾಗಲು ಆಗುವುದಿಲ್ಲ. ಪದವಿಗೆ 3 ವರ್ಷ, ಸ್ನಾತಕೋತ್ತರಕ್ಕೆ 2 ವರ್ಷ, ಪಿಎಚ್‌ಡಿಗೆ ಕಡಿಮೆ ಅಂದರೂ 3 ವರ್ಷ. ನಡುವೆ ಕಾಲೇಜು ಪಾಠಕ್ಕೆ ಬೇಕಾದ ಅರ್ಹತಾ ಪರೀಕ್ಷೆಗಳು, ಅಂದರೆ ರಾಷ್ಟ್ರಮಟ್ಟದ ನೆಟ್ ಮತ್ತು ರಾಜ್ಯದ ಕೆಸೆಟ್, ಜೊತೆಗೆ ಅತಿಥಿ ಉಪನ್ಯಾಸಕರ ಕೆಲಸ. ಇದರ ಮೇಲೆ ಯಾವ ವರ್ಷ ಬರುತ್ತದೆ ಎಂದು ಯಾರೂ ಹೇಳಲಾಗದ ನೇಮಕಾತಿ ಅಧಿಸೂಚನೆ.

ನಾನು ಕಂಡಂತೆ ಹೆಚ್ಚಿನವರ ವರ್ಷಗಳು ಹಾಳಾಗುವುದು ಹಂತಗಳು ಹಿಂದುಮುಂದಾದಾಗ. ಅರ್ಹತಾ ಪರೀಕ್ಷೆ ಪಾಸಾಗದೆ ಪಿಎಚ್‌ಡಿಗೆ ಸೇರುತ್ತಾರೆ. ಫೆಲೋಶಿಪ್ ಇಲ್ಲದೆ ಸಾಲ ಮಾಡುತ್ತಾರೆ. ಮೂವತ್ತು ದಾಟಿದ ಮೇಲೆ ಬಿ.ಇಡಿ ನೆನಪಾಗುತ್ತದೆ. ಕರ್ನಾಟಕದಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಈ ದಾರಿ ಹಿಡಿದವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ತರಗತಿಗೆ ಪಾಠ ಮಾಡಬೇಕು?

"ಟೀಚಿಂಗ್ ಲೈನ್‌ಗೆ ಹೋಗ್ತೀನಿ" ಅಂದರೆ ಸಾಲದು. ಒಂದರಿಂದ ಐದನೇ ತರಗತಿವರೆಗಿನ ಶಿಕ್ಷಕರಿಗೆ ಡಿ.ಇಡಿ, ಆರರಿಂದ ಎಂಟನೇ ತರಗತಿಯವರಿಗೆ ಡಿ.ಇಡಿ ಅಥವಾ ಬಿ.ಇಡಿ, ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು. ಹೈಸ್ಕೂಲಿಗೆ ಪದವಿ ಮತ್ತು ಬಿ.ಇಡಿ. ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿಯೇ ಮುಖ್ಯ. ಆದರೂ ಬಿ.ಇಡಿ ಕೈಯಲ್ಲಿದ್ದರೆ ಅಧಿಸೂಚನೆ ಏನೇ ಷರತ್ತು ಹಾಕಿದರೂ ಹೆದರಬೇಕಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳ ಪಿಜಿಟಿ (ಸ್ನಾತಕೋತ್ತರ ಶಿಕ್ಷಕರ) ಹುದ್ದೆಗೂ ಎಂಎ ಮತ್ತು ಬಿ.ಇಡಿ ಎರಡನ್ನೂ ಕೇಳುತ್ತಾರೆ. ಡಿಗ್ರಿ ಕಾಲೇಜಿಗೆ ಬಿ.ಇಡಿ ಬೇಡ. ಅಲ್ಲಿ ಬೇಕಾಗುವುದು ಸ್ನಾತಕೋತ್ತರದಲ್ಲಿ ಶೇ. 55 ಮತ್ತು ನೆಟ್ ಅಥವಾ ಕೆಸೆಟ್.

ಡಿಗ್ರಿ ಕಾಲೇಜೇ ಗುರಿ ಆಗಿದ್ದರೂ ಬಿ.ಇಡಿ ಮಾಡಿಕೊಳ್ಳಿ ಎಂದೇ ನಾನು ಹೇಳುತ್ತೇನೆ. 2015ರಿಂದ ಅದು 2 ವರ್ಷದ ಕೋರ್ಸ್. ಎಂಎ ಮುಗಿದ ಮೇಲೆ ನೆಟ್‌ಗೆ ಓದುತ್ತಾ ಮನೆಯಲ್ಲಿ ಕೂರುವ ಎರಡು ವರ್ಷದಲ್ಲೇ ಅದೂ ಮುಗಿದುಹೋಗುತ್ತದೆ. ಡಿಗ್ರಿ ಕಾಲೇಜಿನ ನೇಮಕಾತಿ ವರ್ಷಗಟ್ಟಲೆ ಆಗದಿದ್ದಾಗ ಪಿಯು, ಹೈಸ್ಕೂಲು, ವಸತಿ ಶಾಲೆಗಳ ಬಾಗಿಲು ತೆರೆದಿರುತ್ತದೆ. ಪಿಯು ಉಪನ್ಯಾಸಕರಾಗಿ ಸೇರಿ, ಸಂಬಳ ತೆಗೆದುಕೊಳ್ಳುತ್ತಲೇ ಕೆಸೆಟ್ ಪಾಸ್ ಮಾಡಿ ಡಿಗ್ರಿ ಕಾಲೇಜಿಗೆ ಹೋದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಎರಡನೇ ಹೆಜ್ಜೆ: ಎಂಎ

ಇಲ್ಲಿ ಕಣ್ಣಿಡಬೇಕಾದ ಅಂಕಿ 55. ಸಾಮಾನ್ಯ ವರ್ಗದವರಿಗೆ ನೆಟ್ ಬರೆಯಲು ಸ್ನಾತಕೋತ್ತರದಲ್ಲಿ ಶೇ. 55 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ತೃತೀಯ ಲಿಂಗಿಗಳಿಗೆ ಶೇ. 50 ಸಾಕು. 54.9 ಬಂದರೆ ಅದನ್ನು 55 ಅಂತ ಯಾರೂ ಎಣಿಸುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಅಂಕ ಕಡಿಮೆ ಬಂದಿದ್ದರೆ ಆಗಲೇ ಮರುಮೌಲ್ಯಮಾಪನಕ್ಕೋ ಸುಧಾರಣಾ ಪರೀಕ್ಷೆಗೋ ಅರ್ಜಿ ಹಾಕಿ. ಕೊನೆಯ ಸೆಮಿಸ್ಟರಿನಲ್ಲಿ ಸರಿ ಮಾಡಿಕೊಳ್ಳೋಣ ಅಂತ ಬಿಟ್ಟರೆ ಕೈಮೀರಿ ಹೋಗುತ್ತದೆ.

ವಿಷಯದ ಆಯ್ಕೆಯೂ ಇಲ್ಲೇ ತೀರ್ಮಾನವಾಗುತ್ತದೆ. ಎಂಎ ಯಾವ ವಿಷಯದಲ್ಲೋ ನೆಟ್ ಕೂಡ ಅದೇ ವಿಷಯದಲ್ಲಿ, ಕೆಲಸವೂ ಅದೇ ವಿಷಯದಲ್ಲಿ. ಇಷ್ಟವಾದ ವಿಷಯವನ್ನೇ ತೆಗೆದುಕೊಳ್ಳಿ. ಆದರೆ ಅದನ್ನು ನಿಮ್ಮ ಸುತ್ತಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಅಂದರೆ ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ, ಕಲಿಸುತ್ತಾರಾ ಎಂದು ಒಮ್ಮೆ ವಿಚಾರಿಸಿ. ಕನ್ನಡ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ವಾಣಿಜ್ಯ ಹೆಚ್ಚು ಕಡಿಮೆ ಎಲ್ಲ ಕಡೆ ಇವೆ. ತೀರಾ ವಿಶೇಷ ವಿಷಯ ಓದಿದವರಿಗೆ ವಿಶ್ವವಿದ್ಯಾಲಯದ ವಿಭಾಗ ಬಿಟ್ಟರೆ ಬೇರೆ ಜಾಗ ಸಿಗುವುದು ಕಷ್ಟ.

ದೂರಶಿಕ್ಷಣದಲ್ಲಿ ಎಂಎ ಮಾಡಿದರೂ ನೆಟ್ ಬರೆಯಬಹುದು. ಒಂದೇ ಷರತ್ತು: ನೀವು ಸೇರಿದ ವರ್ಷಕ್ಕೆ, ಸೇರಿದ ಕೋರ್ಸಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಮಾನ್ಯತೆ ಇರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕೆಲವು ವರ್ಷ ಮಾನ್ಯತೆ ಇಲ್ಲದೆ ಇದ್ದು, 2018ರಲ್ಲಿ ಮತ್ತೆ ಪಡೆಯಿತು. ಆ ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ಪಟ್ಟ ಪಾಡು ಹೇಳತೀರದು. ಅದಕ್ಕೇ ಫೀ ಕಟ್ಟುವ ಮುಂಚೆ ಯುಜಿಸಿಯ ಪಟ್ಟಿ ನೋಡಿ, ಆ ಪುಟವನ್ನು ಇಳಿಸಿ ಇಟ್ಟುಕೊಳ್ಳಿ.

ಪದವಿಯ ಬಗ್ಗೆ ಒಂದು ಮಾತು. ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾರೆ. ನಡುವಿನ ಬ್ಯಾಚಿನಲ್ಲಿ ನಾಲ್ಕನೇ ವರ್ಷವನ್ನೂ ಓದಿದವರು ಎಂಎ ಎಷ್ಟು ವರ್ಷ ಎಂಬುದನ್ನು ಸೇರುವ ವಿಶ್ವವಿದ್ಯಾಲಯದಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಮೂರನೇ ಹೆಜ್ಜೆ: ನೆಟ್ ಮತ್ತು ಕೆಸೆಟ್

ಇಡೀ ದಾರಿಯಲ್ಲಿ ನಿಮ್ಮ ಶ್ರಮ ಜಾಸ್ತಿ ಹೋಗಬೇಕಾದದ್ದು ಇಲ್ಲಿಗೆ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ಕನಿಷ್ಠ ಅರ್ಹತೆ ನೆಟ್ ಅಥವಾ ಸೆಟ್ (ರಾಜ್ಯಗಳ ಅರ್ಹತಾ ಪರೀಕ್ಷೆ, ನಮ್ಮಲ್ಲಿ ಕೆಸೆಟ್) ಎಂದು ಯುಜಿಸಿ ಸ್ಪಷ್ಟಪಡಿಸಿದೆ. ಪಿಎಚ್‌ಡಿ ಕಡ್ಡಾಯ ಅಲ್ಲ. ಹಾಗಿರುವಾಗ ಪಿಎಚ್‌ಡಿಗೆ ಐದಾರು ವರ್ಷ ಕೊಡುವ ಮುಂಚೆ ಇದಕ್ಕೆ ಒಂದೆರಡು ವರ್ಷ ಕೊಡುವುದೇ ಸರಿ ಅಲ್ವಾ?

ಎಂಎ ಕೊನೆಯ ವರ್ಷದಲ್ಲೇ ನೆಟ್ ಬರೆಯಬಹುದು. ದಯವಿಟ್ಟು ಬರೆಯಿರಿ. ವಿಷಯ ತಲೆಯಲ್ಲಿ ಹಸಿಯಾಗಿರುತ್ತದೆ, ಗ್ರಂಥಾಲಯ ಪಕ್ಕದಲ್ಲೇ ಇರುತ್ತದೆ, ಜೊತೆಗೆ ಓದುವವರು ಹಾಸ್ಟೆಲಿನಲ್ಲೇ ಸಿಗುತ್ತಾರೆ. ಊರಿಗೆ ಹೋದ ಮೇಲೆ ಈ ಮೂರೂ ಸಿಗುವುದಿಲ್ಲ.

ಎರಡೂ ಪರೀಕ್ಷೆಗಳ ಚೌಕಟ್ಟು ಒಂದೇ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವವಿಜ್ಞಾನ, ಭೂವಿಜ್ಞಾನದವರಿಗೆ ಮಾತ್ರ ಬೇರೆ ದಾರಿ. ಅವರ ನೆಟ್ ಸಿಎಸ್‌ಐಆರ್ ಹೆಸರಿನಲ್ಲಿ ನಡೆಯುತ್ತದೆ, ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುತ್ತದೆ.

ಸಾಮಾನ್ಯ ವರ್ಗಕ್ಕೆ ಶೇ. 40, ಮೀಸಲು ವರ್ಗಗಳಿಗೆ ಶೇ. 35 ತೆಗೆದರೆ ಪಾಸ್ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಬಾಗಿಲೊಳಗೆ ಬಿಡುವ ಅಂಕ ಅಷ್ಟೇ. ಪರೀಕ್ಷೆ ಬರೆದವರಲ್ಲಿ ಶೇ. 6ರಷ್ಟು ಮಂದಿಯನ್ನು ಮಾತ್ರ ಅರ್ಹರೆಂದು ಘೋಷಿಸುತ್ತಾರೆ. ವಿಷಯವಾರು, ವರ್ಗವಾರು ಕಟ್ ಆಫ್ ಬೇರೆ ಬೇರೆ. ನಿಮ್ಮ ವಿಷಯದ ಹಿಂದಿನ ಕಟ್ ಆಫ್ ಪಟ್ಟಿಗಳನ್ನು ನೋಡಿ, ಅದಕ್ಕಿಂತ ಹತ್ತಿಪ್ಪತ್ತು ಅಂಕ ಹೆಚ್ಚು ಗುರಿ ಇಟ್ಟುಕೊಳ್ಳಿ.

ಕಲಾ ವಿಭಾಗದವರು ಎಡವುವುದು ಹೆಚ್ಚಾಗಿ ಮೊದಲ ಪತ್ರಿಕೆಯಲ್ಲಿ. ಅದರಲ್ಲಿ ಹತ್ತು ಘಟಕಗಳಿವೆ: ಬೋಧನೆ, ಸಂಶೋಧನೆ, ಗದ್ಯಭಾಗದ ಗ್ರಹಿಕೆ, ಸಂವಹನ, ಗಣಿತದ ಲೆಕ್ಕ, ತರ್ಕ, ದತ್ತಾಂಶ ವಿಶ್ಲೇಷಣೆ, ಕಂಪ್ಯೂಟರ್ ಮತ್ತು ಇಂಟರ್ನೆಟ್, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ. ಲೆಕ್ಕ ಮತ್ತು ದತ್ತಾಂಶದ ಪ್ರಶ್ನೆಗಳು ಹೈಸ್ಕೂಲು ಮಟ್ಟದವು. ಶೇಕಡಾವಾರು, ಅನುಪಾತ, ಸರಾಸರಿ, ಪೈ ಚಾರ್ಟ್. ದಿನಕ್ಕೆ ಅರ್ಧ ಗಂಟೆ ಕೈಯಲ್ಲಿ ಲೆಕ್ಕ ಮಾಡಿದರೆ ಕೆಲವೇ ತಿಂಗಳಲ್ಲಿ ಭಯ ಹೋಗುತ್ತದೆ.

ತರ್ಕದ ಘಟಕದಲ್ಲಿ ಭಾರತೀಯ ತರ್ಕಶಾಸ್ತ್ರದ ಪ್ರಮಾಣಗಳು ಬರುತ್ತವೆ. ಇಂಗ್ಲಿಷ್ ಗೈಡಿನಲ್ಲಿ ಓದಿದರೆ ಇವು ಕಬ್ಬಿಣದ ಕಡಲೆ. ಕನ್ನಡದಲ್ಲಿ ಯೋಚಿಸಿ ನೋಡಿ. ಬೆಟ್ಟದ ಮೇಲೆ ಹೊಗೆ ಕಂಡಿತು, ಹಾಗಾದರೆ ಅಲ್ಲಿ ಬೆಂಕಿ ಇದೆ ಅಂದರೆ ಅನುಮಾನ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಅಂದರೆ ಅರ್ಥಾಪತ್ತಿ. ನೆಲದ ಮೇಲೆ ಕೊಡ ಕಾಣುತ್ತಿಲ್ಲ, ಆದ್ದರಿಂದ ಅಲ್ಲಿ ಕೊಡ ಇಲ್ಲ ಅಂದರೆ ಅನುಪಲಬ್ಧಿ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಹೋಲಿಕೆಯಿಂದ ತಿಳಿದದ್ದು ಉಪಮಾನ, ನಂಬಿಕಸ್ತರ ಮಾತಿನಿಂದ ತಿಳಿದದ್ದು ಶಬ್ದ. ಆರೂ ಮುಗಿದವು. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆ ಅಂತ ಹಿಂಜರಿಯುವವರಿಗೆ ಇಂಥ ಕಡೆ ತಮ್ಮ ಭಾಷೆಯೇ ಬಲ.

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು ಅಂತ. 2018ರ ಡಿಸೆಂಬರ್‌ನಿಂದ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತಿದೆ. ದಿನಾಂಕಗಳು ಹಿಂದೆ ಮುಂದೆ ಆಗುತ್ತವೆ. 2024ರ ಜೂನ್ 18ರಂದು ನಡೆದ ಪರೀಕ್ಷೆಯನ್ನು ಮಾರನೇ ದಿನವೇ ರದ್ದು ಮಾಡಿ ಮತ್ತೆ ನಡೆಸಿದ್ದು ನೆನಪಿರಬೇಕು. ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಕೆಸೆಟ್ ಮೊದಲು ಮೈಸೂರು ವಿಶ್ವವಿದ್ಯಾಲಯದ ಹೊಣೆಯಾಗಿತ್ತು, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ. ಅದರ ಮೊದಲ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ನೆಟ್‌ನಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕೆಸೆಟ್ ನಮ್ಮ ರಾಜ್ಯಕ್ಕೆ ಸೀಮಿತ, ನೆಟ್ ದೇಶಕ್ಕೆಲ್ಲ ನಡೆಯುತ್ತದೆ. ಎರಡನ್ನೂ ಬರೆಯಿರಿ. ಓದು ಒಂದೇ, ಅವಕಾಶ ಎರಡು.

ಅರ್ಜಿ ತುಂಬುವಾಗ ಒಂದು ಕಡೆ ಜಾಗ್ರತೆ. ಕೆಸೆಟ್‌ಗೆ ರಾಜ್ಯದ ಪಟ್ಟಿ: ಪ್ರವರ್ಗ 1, 2ಎ, 2ಬಿ, 3ಎ, 3ಬಿ. ನೆಟ್‌ಗೆ ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದಲ್ಲಿ ಮೀಸಲಾತಿ ಇರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಮೊದಲು ಪಟ್ಟಿ ನೋಡಿ. ಹೆಸರು ಇದ್ದರೆ ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪ್ರಮಾಣಪತ್ರ ಮಾಡಿಸಿ. ರಾಜ್ಯದ ನಮೂನೆ ಅಲ್ಲಿ ನಡೆಯುವುದಿಲ್ಲ.

ಇನ್ನು ಜೆಆರ್‌ಎಫ್. ಅದೇ ನೆಟ್ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಸಂಶೋಧನೆಗೆ ಕೊಡುವ ಫೆಲೋಶಿಪ್ ಇದು. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30. ಮಹಿಳೆಯರಿಗೆ ಮತ್ತು ಮೀಸಲು ವರ್ಗಗಳಿಗೆ 5 ವರ್ಷ ಸಡಿಲಿಕೆ ಉಂಟು. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಮಾತ್ರ ನೆಟ್ ಬರೆಯುವವರಿಗೆ ವಯಸ್ಸಿನ ಮಿತಿಯೇ ಇಲ್ಲ. ಮಕ್ಕಳನ್ನು ಬೆಳೆಸಿ ಮತ್ತೆ ಓದಿಗೆ ಕೂತ ಹೆಣ್ಣುಮಕ್ಕಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ನಲವತ್ತರಲ್ಲೂ ನೆಟ್ ಬರೆಯಬಹುದು, ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ನಾಲ್ಕನೇ ಹೆಜ್ಜೆ: ಅತಿಥಿ ಉಪನ್ಯಾಸಕರ ವರ್ಷಗಳು

ಕಾಯಂ ಕೆಲಸ ಸಿಗುವವರೆಗೆ ಬಹುತೇಕರು ಈ ಹಂತ ದಾಟಲೇಬೇಕು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅವುಗಳಲ್ಲಿ ದಿನನಿತ್ಯದ ಪಾಠದ ದೊಡ್ಡ ಪಾಲು ನಡೆಯುವುದು ಅತಿಥಿ ಉಪನ್ಯಾಸಕರಿಂದ. 2022ರ ಜನವರಿಯಲ್ಲಿ ಗೌರವಧನ ಪರಿಷ್ಕರಿಸಿದಾಗ ಯುಜಿಸಿ ಅರ್ಹತೆ ಮತ್ತು 5 ವರ್ಷದ ಸೇವೆ ಎರಡೂ ಇದ್ದವರಿಗೆ ತಿಂಗಳಿಗೆ 32,000 ರೂಪಾಯಿ, ಅರ್ಹತೆ ಇಲ್ಲದೆ ಕಡಿಮೆ ಸೇವೆ ಇದ್ದವರಿಗೆ 26,000 ಎಂದು ಗೊತ್ತುಮಾಡಿದರು. ಆಮೇಲೆ ಇನ್ನಷ್ಟು ಏರಿದೆ. ಕಾಯಂ ಆಗಿ ಸೇರಿದ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ 57,700. ಪಾಠ ಅದೇ, ಮಕ್ಕಳು ಅದೇ. ಈ ಅಂತರ ನ್ಯಾಯವಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದರೂ ಈ ಕೆಲಸವನ್ನು ಮಾಡಿ. ಪಾಠ ಮಾಡುವುದು ಓದಿನಿಂದ ಬರುವುದಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಮಧ್ಯಾಹ್ನದ ಕೊನೆಯ ಪೀರಿಯಡ್ ತೆಗೆದುಕೊಳ್ಳಿ. ಹಳ್ಳಿಗೆ ಹೋಗುವ ಬಸ್ಸು ನಾಲ್ಕಕ್ಕೆ. ಮೂರೂವರೆಗೆ ಹಿಂದಿನ ಬೆಂಚಿನಲ್ಲಿ ಬ್ಯಾಗಿನ ಜಿಪ್ ಎಳೆಯುವ ಸದ್ದು ಶುರುವಾಗುತ್ತದೆ. ಅರ್ಧದಷ್ಟು ಮಕ್ಕಳ ಬಳಿ ಪುಸ್ತಕ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ನಲವತ್ತು ನಿಮಿಷ ನೋಟ್ಸ್ ಬರೆಸಿದರೆ ಯಾರ ತಲೆಗೂ ಹೋಗುವುದಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಆ ದಿನದ ಮುಖ್ಯ ವಿಷಯ ಹೇಳಿಬಿಡಿ. ಇತಿಹಾಸವಾದರೆ ಅವರೂರಿನ ವೀರಗಲ್ಲಿನಿಂದ, ಅರ್ಥಶಾಸ್ತ್ರವಾದರೆ ಆ ವಾರದ ಎಪಿಎಂಸಿ ಈರುಳ್ಳಿ ದರದಿಂದ ಶುರು ಮಾಡಿ. ಇಬ್ಬರನ್ನು ಎಬ್ಬಿಸಿ ತಮ್ಮ ಮಾತಿನಲ್ಲೇ ಹೇಳಿಸಿ. ಬಸ್ಸಿನ ಮಕ್ಕಳು ಎದ್ದು ಹೋಗುವಾಗ ಒಂದಾದರೂ ಸಂಗತಿ ಅವರ ಜೊತೆ ಹೋಗಿರುತ್ತದೆ.

ಕಾಲೇಜು ಶಿಕ್ಷಣ ಇಲಾಖೆ ಆನ್‌ಲೈನಿನಲ್ಲಿ ಅರ್ಜಿ ಕರೆದಾಗ ಅರ್ಹತೆ ಮತ್ತು ಸೇವೆಗೆ ಅಂಕ ಸಿಗುತ್ತದೆ. ಪ್ರತಿ ವರ್ಷದ ಸೇವಾ ಪ್ರಮಾಣಪತ್ರವನ್ನು ಪ್ರಾಂಶುಪಾಲರ ಸಹಿ, ಸೀಲು ಸಮೇತ ಆ ವರ್ಷವೇ ತೆಗೆದುಕೊಳ್ಳಿ. ಪ್ರಾಂಶುಪಾಲರು ವರ್ಗವಾಗಿ ಹೋದ ಮೇಲೆ ಹಳೆಯ ಹಾಜರಾತಿ ಹುಡುಕಿಸುವುದು ದೊಡ್ಡ ತಲೆನೋವು. ಖಾಸಗಿ ಅನುದಾನಿತ ಕಾಲೇಜಿಗೆ ಕರೆದರೆ ಅದು ಅನುದಾನಕ್ಕೆ ಒಳಪಟ್ಟ ಹುದ್ದೆಯೋ, ಆಡಳಿತ ಮಂಡಳಿ ಸಂಬಳ ಕೊಡುವ ಹುದ್ದೆಯೋ ಎಂದು ಬರಹದಲ್ಲಿ ಕೇಳಿ. "ಮುಂದೆ ಕಾಯಂ ಆಗುತ್ತೆ" ಎಂಬ ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಐದನೇ ಹೆಜ್ಜೆ: ಪಿಎಚ್‌ಡಿ

ಕಡ್ಡಾಯ ಅಲ್ಲ ಅಂದೆ, ಬೇಡ ಅನ್ನಲಿಲ್ಲ. ವಿಶ್ವವಿದ್ಯಾಲಯದ ವಿಭಾಗಕ್ಕೆ ಹೋಗುವವರಿಗೆ ಪಿಎಚ್‌ಡಿ ಇದ್ದರೆ ಒಳ್ಳೆಯದು, ಮುಂದೆ ಸಹ ಪ್ರಾಧ್ಯಾಪಕರಾಗಿ ಬಡ್ತಿ ಬೇಕು ಅನ್ನುವವರಿಗೆ ಅದು ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಒಂದು ವಿಷಯವನ್ನು ಬೇರಿನವರೆಗೆ ಅಗೆದವರ ಪಾಠದ ತೂಕವೇ ಬೇರೆ.

2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಕೋರ್ಸ್‌ವರ್ಕ್ (ಪಿಎಚ್‌ಡಿಯಲ್ಲಿ ಕೂತು ಓದಬೇಕಾದ ಪಾಠಗಳು) ಕನಿಷ್ಠ 12 ಕ್ರೆಡಿಟ್. ಎಂಫಿಲ್ ಈಗ ಇಲ್ಲ, ಯಾರಾದರೂ ಸೇರಿಸಿಕೊಳ್ಳುತ್ತೇವೆ ಅಂದರೆ ಹೋಗಬೇಡಿ. ಕೆಲಸದಲ್ಲಿದ್ದವರು ಅರೆಕಾಲಿಕವಾಗಿ ಮಾಡಬಹುದು, ಅದಕ್ಕೆ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ದೂರಶಿಕ್ಷಣದಲ್ಲಿ ಪಿಎಚ್‌ಡಿ ಮಾಡಲು ಅವಕಾಶ ಇಲ್ಲ. 2024ರ ಜೂನ್ ಸುತ್ತಿನಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸುತ್ತಾರೆ. ಮೊದಲು ನೆಟ್ ಬರೆಯಿರಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ ಸೇರಿ. ಒಬ್ಬ ಪ್ರಾಧ್ಯಾಪಕರು ಒಂದು ಸಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ನೀವು ಕೇಳುವವರ ಬಳಿ ಈಗ ಇರುವ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಅವರ ಕೈಕೆಳಗೆ ಮುಗಿಸಿದವರಿಗೆ ಎಷ್ಟು ವರ್ಷ ಹಿಡಿಯಿತು? ಮನೆಗೆಲಸ, ಓಡಾಟದ ಕೆಲಸ ಹೇಳುತ್ತಾರಾ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ವಿಷಯ ಹುಡುಕಲು ಶೋಧಗಂಗಾ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಓದಲು ಸಿಗುತ್ತವೆ, ಕನ್ನಡದವೂ ಇವೆ. ನಿಮ್ಮ ಆಸಕ್ತಿಯ ಹತ್ತಿರದ ನಾಲ್ಕೈದು ಪ್ರಬಂಧ ಓದಿದರೆ ಏನು ಆಗಿದೆ, ಏನು ಉಳಿದಿದೆ ಎಂದು ತಿಳಿಯುತ್ತದೆ. ವಿಷಯ ಸಣ್ಣದಿರಲಿ. "ಕರ್ನಾಟಕದ ಗ್ರಾಮೀಣ ಮಹಿಳೆಯರ ಸ್ಥಿತಿಗತಿ" ಎಂದು ಹೊರಟರೆ ಹತ್ತು ವರ್ಷವಾದರೂ ಮುಗಿಯದು. ಒಂದು ತಾಲ್ಲೂಕಿನ ಬೀಡಿ ಕಟ್ಟುವ ಹೆಂಗಸರ ಕೂಲಿ ಅಂದರೆ ಕೈಗೆ ಹಿಡಿಯಲು ಸಿಗುತ್ತದೆ.

ಪ್ರಬಂಧದಲ್ಲಿ ನಕಲು ಇದೆಯಾ ಎಂದು ತಪಾಸಣೆ ಮಾಡುವಾಗ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದು ದಾಟಿದರೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಬರೆಯುವಾಗಲೇ ಯಾವ ಮಾತು ಯಾರದು ಎಂದು ಗುರುತು ಹಾಕುತ್ತಾ ಹೋಗಿ. ದುಡ್ಡು ಕಟ್ಟಿದರೆ ವಾರದಲ್ಲಿ ಲೇಖನ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಸಹವಾಸ ಬೇಡ. ಅವು ಸಂದರ್ಶನದಲ್ಲಿ ನಿಮ್ಮ ಮರ್ಯಾದೆ ಕಳೆಯುತ್ತವೆ.

ಹಣದ ಮಾತು ನೇರವಾಗಿ ಹೇಳುತ್ತೇನೆ. ಜೆಆರ್‌ಎಫ್ ಆಗಲಿ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ರಾಷ್ಟ್ರೀಯ ಫೆಲೋಶಿಪ್ ಆಗಲಿ, ಐಸಿಎಸ್‌ಎಸ್‌ಆರ್ (ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಫೆಲೋಶಿಪ್ ಆಗಲಿ, ಹೆತ್ತವರಿಗೆ ಒಬ್ಬಳೇ ಮಗಳಾಗಿರುವವರಿಗೆ ಯುಜಿಸಿ ಕೊಡುವ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಆಗಲಿ, ಒಂದಾದರೂ ಸಿಕ್ಕರೆ ಪೂರ್ಣಾವಧಿ ಸೇರಿ. ಏನೂ ಸಿಗದಿದ್ದರೆ ಪಿಯು ಅಥವಾ ಹೈಸ್ಕೂಲು ಕೆಲಸ ಹಿಡಿದು ಅರೆಕಾಲಿಕವಾಗಿ ಮಾಡಿ. ಅಪ್ಪ ಅಮ್ಮನ ಹೊಲದ ಮೇಲೆ ಸಾಲ ಎತ್ತಿ ಪಿಎಚ್‌ಡಿ ಮಾಡಬೇಡಿ.

ಆರನೇ ಹೆಜ್ಜೆ: ದಾಖಲೆಗಳ ಫೈಲು

ಇದನ್ನು ಈ ವಾರವೇ ಶುರು ಮಾಡಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪದವಿ ಅಂಕಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ನಿಮ್ಮ ಹೆಸರನ್ನು ಅಕ್ಷರ ಅಕ್ಷರ ಓದಿ. ಒಂದರಲ್ಲಿ "ಮಂಜುಳ ಬಿ", ಇನ್ನೊಂದರಲ್ಲಿ "ಮಂಜುಳಾ ಬಸಪ್ಪ" ಅಂತಿದ್ದರೆ ಈಗಲೇ ಸರಿಪಡಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹೆಸರಿಗೆ ಉಳಿದವನ್ನು ಹೊಂದಿಸುವುದು ಸುಲಭ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 25 ಮೀಸಲಾತಿ ಇದೆ. ಎರಡಕ್ಕೂ ಓದಿದ ಶಾಲೆಯ ಪ್ರಮಾಣಪತ್ರ ಬೇಕು, ಗ್ರಾಮೀಣದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆ ಓಡಾಡಬೇಕು. ಕಲ್ಯಾಣ ಕರ್ನಾಟಕದವರು ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮಾಡಿಸಿಡಿ. ಇವೆಲ್ಲ ಅರ್ಜಿಯ ಕೊನೆಯ ದಿನದೊಳಗೆ ಪಡೆದವಾಗಿರಬೇಕು. ಅಧಿಸೂಚನೆ ಬಂದ ಮೇಲೆ ನಾಡಕಚೇರಿ ಮುಂದೆ ಸಾಲು ನಿಂತವರಲ್ಲಿ ಹಲವರಿಗೆ ದಿನ ಮೀರಿಹೋಗುತ್ತದೆ.

ಪಿಎಚ್‌ಡಿ ಆದವರು ಅದು ಯುಜಿಸಿ ನಿಯಮದ ಪ್ರಕಾರವೇ ಆಗಿದೆ ಎಂಬ ಪತ್ರವನ್ನು ವಿಶ್ವವಿದ್ಯಾಲಯದಿಂದ ಕೇಳಿ ಪಡೆಯಿರಿ.

ಏಳನೇ ಹೆಜ್ಜೆ: ನೇಮಕಾತಿ, ಆಮೇಲಿನ ಮೊದಲ ವರ್ಷಗಳು

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಬಂದದ್ದು 2021ರಲ್ಲಿ. ಕೆಇಎ ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಆಯ್ಕೆಯಾದವರು ಆದೇಶ ಕೈಗೆ ಬರಲು ಅಲ್ಲಿಂದಲೂ ಬಹಳ ಕಾಲ ಕಾದರು. ಹಾಗಾಗಿ ಅಧಿಸೂಚನೆ ಬಂದ ಮೇಲೆ ಓದು ಶುರು ಮಾಡುವ ಲೆಕ್ಕಾಚಾರ ಬೇಡ, ಪಟ್ಟಿಯಲ್ಲಿ ಹೆಸರು ಬಂತು ಅಂತ ಇರುವ ಕೆಲಸ ಬಿಡುವುದೂ ಬೇಡ. ಆದೇಶ ಕೈಗೆ ಬರುವವರೆಗೆ ಈಗಿನ ಕೆಲಸದಲ್ಲೇ ಇರಿ.

ಕೌನ್ಸೆಲಿಂಗ್‌ನಲ್ಲಿ ಊರಿಗೆ ಹತ್ತಿರದ ಕಾಲೇಜು ಸಿಗದಿದ್ದರೂ ಸೇರಿಕೊಳ್ಳಿ. ವರ್ಗಾವಣೆ ಮುಂದೆ ಆಗುತ್ತದೆ, ಸೇವೆ ಶುರುವಾದ ದಿನಾಂಕ ಮತ್ತೆ ಸಿಗುವುದಿಲ್ಲ. ಸೇರಿದ ಮೇಲೆ ಮೊದಲ ಬಡ್ತಿಗೆ, ಅಂದರೆ ವೇತನದ ಹಂತ 10ರಿಂದ 11ಕ್ಕೆ ಹೋಗಲು, ಪಿಎಚ್‌ಡಿ ಇದ್ದವರಿಗೆ 4 ವರ್ಷದ ಸೇವೆ ಸಾಕು, ಇಲ್ಲದವರಿಗೆ 6 ವರ್ಷ ಬೇಕು. ಜೊತೆಗೆ ಓರಿಯಂಟೇಶನ್ ಕೋರ್ಸ್ (ಅಧ್ಯಾಪಕರಿಗೆ ಕೊಡುವ ತರಬೇತಿ) ಮುಗಿಸಿರಬೇಕು. ಪಿಎಚ್‌ಡಿ ಅರ್ಧದಲ್ಲಿ ಇದ್ದು ಕೆಲಸಕ್ಕೆ ಸೇರುವವರು ಸೇರಿದ ವಾರದಲ್ಲೇ ಪ್ರಾಂಶುಪಾಲರ ಮೂಲಕ ಇಲಾಖೆಗೆ ಅರ್ಜಿ ಕೊಟ್ಟು, ಮುಂದುವರಿಸಲು ಲಿಖಿತ ಅನುಮತಿ ತೆಗೆದುಕೊಳ್ಳಿ. ವಿಶ್ವವಿದ್ಯಾಲಯದಲ್ಲೂ ಪೂರ್ಣಾವಧಿಯಿಂದ ಅರೆಕಾಲಿಕಕ್ಕೆ ಬದಲಾಯಿಸಿಕೊಳ್ಳಿ, ಫೆಲೋಶಿಪ್ ಬರುತ್ತಿದ್ದರೆ ಸಂಬಳ ಶುರುವಾದ ದಿನದಿಂದ ಅದನ್ನು ನಿಲ್ಲಿಸಲು ಬರೆದುಕೊಡಿ. ಎರಡೂ ಪತ್ರಗಳ ಸ್ವೀಕೃತಿಯ ಮೇಲೆ ದಿನಾಂಕ, ಸೀಲು ಹಾಕಿಸಿ ಅದೇ ಫೈಲಿನಲ್ಲಿ ಇಡಿ.